ಕನ್ನಡಿ ತೆಗೆದ ಮೇಲೆ

ಮುಹೂರ್ತವಿಲ್ಲದ ಸೋಮವಾರ.
ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನ ಹಿಂದೆ, ನನ್ನ ಸ್ಟುಡಿಯೋದಲ್ಲಿ
ಏಳು ಮಂದಿ ಫೋಟೋಗ್ರಾಫರು, ಐದು ಕುರ್ಚಿ,
ಸೋಲಾಪುರದಿಂದ ಅಂಬಾದಾಸ ತಂದ ಕರೀ ಪೆಟ್ಟಿಗೆ.
ಒಳಗೆ ಸ್ಪಂಜಿನ ಗುಳಿಯಲ್ಲಿ
ಹೆಸರಿಡದ ಕೂಸಿನ ಹಾಗೆ ಅದು.

"ಇದರಾಗ ಹೊಸಾದು ಏನದ?"
"ಆರಸಾ ನಾಹೀ," ಅಂದ.
"ಕನ್ನಡಿ ಇಲ್ಲಂತ," ನಾನು ಹಿಂದಿನವರಿಗೆ ದಾಟಿಸಿದೆ.
ಅವನಿಗೆ ಕಾನಡಿ ಅಂತ ಕೇಳಿಸಿತು.
"ಮೆನುದಾಗ ಕಾನಡಿ ಎಲ್ಲಿಂದ ಬರಬೇಕು ಕಾಕಾ,
ಮರಾಠೀನೂ ಇಲ್ಲ, ಜಪಾನೀ ಅದ."
ನಕ್ಕೆವು.
ತೋಳನೂರಿನ ಗುರುಬಸು ನಗಲಿಲ್ಲ.
ಹೋದ ದೀಪಾವಳಿಗೆ ಬಣ್ಣ ಹೊಡೆಸುವಾಗ
ಅವನ ಅಂಗಡಿ ಬೋರ್ಡಿನಲ್ಲಿ ಒಂದು ಸಾಲು ಕಡಿಮೆಯಾಗಿತ್ತು.

ಕೈಯಿಂದ ಕೈಗೆ ಹೋಯಿತು.
ಗುರುಬಸು ತೂಕ ನೋಡಿದ, ಸಂತೆಯ ಬದನೆಕಾಯಿ ಹಿಡಿದವನ ಹಾಗೆ.
"ಇಷ್ಟು ಹಗುರಿದ್ದರ ರೊಕ್ಕಾ ಕೊಟ್ಟವರು ನಂಬತಾರೇನು?
ಭಾರಾ ಹೊತ್ತವಗ ಮದುವಿ ಮನ್ಯಾಗ ಮೊದಲ ಪಂಕ್ತಿ."
ರೇಟು ಕೇಳಿದ ದುಧನಿಯ ರೇವಪ್ಪ
ಬೆರಳು ಮಡಚಿದ: ಇಪ್ಪತ್ತೆರಡು ಮದುವೆ,
ಎಂಟು ಕುಬಸ, ಒಂದು ಶಾಲೆಯ ಗ್ಯಾದರಿಂಗು,
ಲೆನ್ಸ್ ಬ್ಯಾರೆ.
ಬಿಚ್ಚುವುದನ್ನು ಮರೆತು
ಇನ್ನೊಂದು ಕೈಯಲ್ಲಿ ಚಹಾ ಎತ್ತಿಕೊಂಡ.

ನನ್ನ ಸರದಿ. ಕಣ್ಣಿಗೆ ಹಿಡಿದೆ.
ಅಲ್ಲಿ ಗಾಜಿಲ್ಲ, ಪುಟ್ಟದೊಂದು ಟೀವಿ.
ಇದು ಬೆಳಕಲ್ಲ, ಬೆಳಕಿನ ವರದಿ, ಅಂದುಕೊಂಡೆ.
ಆದರೂ ಒತ್ತಿದೆ.

ಕತ್ತಲಾಗಲಿಲ್ಲ.

ಮೂವತ್ತೊಂದು ವರ್ಷ
ಒತ್ತಿದಾಗೆಲ್ಲ ಕನ್ನಡಿ ಮೇಲೆ ಹಾರಿ
ಕಣ್ಣಿಗೆ ಕಪ್ಪು ಬಟ್ಟೆ.
ತಾಳಿಯ ಗಂಟು ಬಿಗಿದ ಗಳಿಗೆ,
ಅಕ್ಷತೆಯ ಜೋಳ ಗಾಳಿಯಲ್ಲಿ ನಿಂತ ಗಳಿಗೆ,
ನಾನು ತೆಗೆದ ಒಂದನ್ನೂ ನಾನು ಕಂಡವನಲ್ಲ.
ಹಿಂದಿನದು ಕಂಡಿದ್ದೆ, ಮುಂದಿನದು ಕಂಡಿದ್ದೆ,
ನಡುವಿನದು ಅವರವರ ಆಲ್ಬಮ್ಮಿಗೆ ಹೋಯಿತು.
ಈಗ, ರೇವಪ್ಪನ ತುಟಿ ಬಸಿಗೆ ತಾಗಿದ್ದು
ಇಡಿಯಾಗಿ ಕಂಡಿತು.
ಇಷ್ಟು ತಡವಾಗಿ. ಇಷ್ಟು ಸಣ್ಣದು.

"ಸಪ್ಪಳಾನ ಇಲ್ಲಲೋ," ಲಾಡ್ಲೆಸಾಬ ಅಂದ.
"ಮೈಂದರ್ಗಿ ಮುದುಕ್ಯಾರು ಖಟಕ್ ಅನ್ನೂತನಕ ಉಸರು ಬಿಡೂದಿಲ್ಲ.
ಇದನ್ನ ಒಯ್ದರ ಸತ್ತುಗಿತ್ತಾರು!"

ಅಂಬಾದಾಸ ಹಸಿರು ಚೌಕ ತೋರಿಸಿದ.
ಎಷ್ಟೇ ಮಂದಿ ಇರಲಿ, ಕಣ್ಣಿದ್ದಲ್ಲಿ ಹೋಗಿ ಕೂಡುತ್ತದಂತೆ,
ನೊಣದ ಹಾಗೆ.
"ಮುಚ್ಚಿದ ಕಣ್ಣು?"
ಮತ್ತೆ ಲಾಡ್ಲೆಸಾಬನೇ.
ನಮ್ಮ ಕಡೆ ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸಿ,
ವಿಭೂತಿ ಹಚ್ಚಿ, ಮನೆಮಂದಿಯನ್ನು ಸುತ್ತ ನಿಲ್ಲಿಸಿ
ಕಡೆಯದೊಂದು ತೆಗೆಸುತ್ತಾರೆ.
ಆ ಕೆಲಸಕ್ಕೆ ಸುತ್ತ ಹತ್ತೂರಿಗೆ ಅವನದೇ ಕೈ.
ಅವನೇ ಗೋಡೆಗೆ ಬೆನ್ನು ಕೊಟ್ಟು ಕೂತ. ಕಣ್ಣು ಮುಚ್ಚಿದ.
ಚೌಕ ಹುಬ್ಬಿನ ಮೇಲೆ ತಡಕಾಡಿತು,
ಗಡ್ಡಕ್ಕಿಳಿಯಿತು, ಬಿಟ್ಟಿತು,
ಸರ್ರನೆ ಮೇಲೇರಿ
ಫ್ರೇಮಿನೊಳಗೆ, ಗಂಧದ ಹಾರದೊಳಗೆ,
ನನ್ನಪ್ಪನ ಕಣ್ಣಿನ ಮೇಲೆ ನಿಂತಿತು.
ಅಲುಗಲಿಲ್ಲ.

ಅಂಬಾದಾಸ ಅವಸರದಲ್ಲಿ ಸ್ವಿಚ್ ಆರಿಸಿದ.
"ಅಪ್‌ಡೇಟ್ ಬರತದ್ರಿ," ಅಂದ.
ಯಾವುದಕ್ಕೆ ಅಂತ ಯಾರೂ ಕೇಳಲಿಲ್ಲ.

ಅಲ್ಲಿತನಕ ಸುಮ್ಮನಿದ್ದವಳು ಮಹಾನಂದಾ,
ಗಂಡ ಹೋದ ಮೇಲೆ ಗಂಡನ ಕ್ಯಾಮೆರಾ ಹೆಗಲಿಗೇರಿಸಿದಾಕೆ.
"ಅವರನ್ನ ಕೂಡಿಸಿದ ದಿನ
ಇದೇ ಲಾಡ್ಲೆಸಾಬಣ್ಣ ಹದಿನಾರು ಸಲ ಖಟಕ್ ಅನಿಸಿದ.
ಎಣಿಸೇನಿ.
ಸಪ್ಪಳಿಲ್ಲಂದ್ರ, ರೊಕ್ಕಾ ಎಷ್ಟರ ಆಗಲಿ."

ಲಾಡ್ಲೆಸಾಬ ಲೆನ್ಸಿನ ಮುಚ್ಚಳ ಹುಡುಕತೊಡಗಿದ.
ಅದು ಅವನ ಕೈಯಲ್ಲೇ ಇತ್ತು.

ಆಕೆ ಸ್ವಿಚ್ ಹಾಕಿ, ಎತ್ತಿ,
ನಮ್ಮ ಕಡೆ ತಿರುಗಿಸಿದಳು.
ತೆಗೆದಳೋ, ಎಷ್ಟು ತೆಗೆದಳೋ.
ಉಸಿರು ಹಿಡಿದು ಕೂತೇ ಇದ್ದೆವು.