ಆರನೆಯ ಕುರ್ಚಿ

ಸದಾಶಿವಗಡದಿಂದ ಟೆಂಪೋದಲ್ಲಿ
ಕೋಡಿಬಾಗದ ನನ್ನ ಶೆಡ್ಡಿಗೆ ಬಂದವು
ಗೋಣಿ ಸುತ್ತಿಕೊಂಡ ಐದು ಕುರ್ಚಿ,
ಹಿಂದೆ ರಿಕ್ಷಾದಲ್ಲಿ ಎರ್ಮಿಲಿಂದಾ ಬಾಯಿ.
"ಆರಿದ್ದವು. ಇನ್ನೊಂದು ಮಾಡು.
ಹೊಸದೆಂದು ಕಾಣಬಾರದು."
ಒಂದು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ.
ಬಡಗಿ ಕೇಳುವುದು ಅಳತೆ ಮಾತ್ರ.

ಪೋರ್ತುಗೀಸರ ಕಾಲದ ಬೀಟೆ.
ಬೆನ್ನಿಗೆ ಕೊರೆದ ಬಳ್ಳಿ, ಕೂರಲು ಬೆತ್ತದ ಹೆಣಿಗೆ,
ಕಾಲ ತುದಿಯಲ್ಲಿ ಉಂಡೆ ಹಿಡಿದ ಪಂಜ.
ಹುಲಿಯದಂತೆ; ನನಗೆ ಕೋಳಿಯದೆನಿಸಿತು.

ಮೂರು ದಿನ ಬರೀ ಅಳೆದೆ.
ಒಂದರ ಬೆನ್ನು ಇನ್ನೊಂದಕ್ಕಿಂತ ಒಂದು ನೂಲು ಎತ್ತರ.
ಮೂರನೆಯದರ ಬಳ್ಳಿಗೆ ಏಳೆಲೆ, ಉಳಿದವಕ್ಕೆ ಎಂಟು.
ನಾಲ್ಕನೆಯದು ಎಡಕ್ಕೆ ವಾಲಿ
ಕಿವಿ ಮಂದವಾದವರ ಹಾಗೆ ಏನನ್ನೋ ಆಲಿಸುತ್ತಿತ್ತು.
ಅಚ್ಚಿಗೆ ಯಾವುದನ್ನು ಹಿಡಿಯಲಿ?

"ಸರಾಸರಿ ತೆಗಿ" ಅಂದ ಪುರ್ಸೊ,
ಹತ್ತನೆತ್ತೆ ತನಕ ಓದಿದವನು.
ಸರಾಸರಿ ಕುರ್ಚಿಯಲ್ಲಿ ಯಾರು ಕೂತಿದ್ದಾರೋ!

ಮರ ಸಿಕ್ಕಿದ್ದು ಅಂಕೋಲೆಯಲ್ಲಿ,
ಕೆಡವಿದ ಮನೆಯ ಬಾಗಿಲ ಚೌಕಟ್ಟು.
ಮೊಳೆ ಕಿತ್ತು, ಸುಣ್ಣ ಕೆರೆದು, ಕೀಸುಳಿ ಎಳೆದಾಗ
ಒಳಗಿಂದ ನೇರಳೆ ತಿಂದ ನಾಲಿಗೆಯ ಬಣ್ಣ.
ಆ ವಾರವೆಲ್ಲ ಬಂಗಡೆ ಸಾರಿಗೂ
ಬೀಟೆ ಪುಡಿಯದೇ ಸಿಹಿ ವಾಸನೆ.

ಹಳೆತನಕ್ಕೆ ನಮ್ಮಲ್ಲಿ ಬೇರೆ ದರ:
ಚಹದ ಕಷಾಯ ಒಂದು ಕೈ,
ತೆಂಗಿನ ವಿನೆಗರಿನಲ್ಲಿ ತುಕ್ಕು ಬಿಟ್ಟ ಮೊಳೆನೀರು ಒಂದು ಕೈ,
ಸೈಕಲ್ ಚೈನಿನಿಂದ ನಾಲ್ಕು ಏಟು,
ಆಮೇಲೆ ಬಟ್ಟೆಯುಂಡೆಯಲ್ಲಿ ಅರಗಿನ ಪಾಲಿಶು, ಮೂವತ್ತು ಸಲ.
ಗೋವೆಯ ಹೋಟೆಲಿನವರಿಗಾದರೆ ಹುಳದ ತೂತನ್ನೂ
ಸೂಜಿಯಲ್ಲಿ ಚುಚ್ಚಿಕೊಡುತ್ತೇನೆ.
ಇದಕ್ಕೆ ಚುಚ್ಚಲಿಲ್ಲ.
ಮೊಳೆ ತಿಂದ ತೂತು ಅದಕ್ಕೆ ಆಗಲೇ ಇದ್ದವು.

ಉಳಿ ಹಿಡಿದು ಬಳ್ಳಿಗೆ ಕೂತಾಗ
ಯಾವ ಕುರ್ಚಿಯನ್ನೂ ನೋಡಲಿಲ್ಲ.
ಐದರಲ್ಲೂ ಒಂದೇ ಕೈ, ದಿನ ಬೇರೆ ಬೇರೆ.
ಏಳೆಲೆಯ ದಿನ ಅವನಿಗೆ
ಬೇಗ ಮನೆಗೆ ಹೋಗುವುದಿತ್ತೇನೋ.
ನನ್ನದು ಆರನೆಯ ದಿನ.
ಒಂಬತ್ತನೇ ಎಲೆ ತಾನಾಗಿ ಬಂತು. ಬಿಟ್ಟೆ.

ಬಾಯಿ ಆರನ್ನೂ ಸಾಲಾಗಿ ನಿಲ್ಲಿಸಿ
ಐದರಲ್ಲಿ ಒಂದೊಂದಾಗಿ ಕೂತೆದ್ದಳು.
ಆರನೆಯದರ ಬೆತ್ತವನ್ನು ಅಂಗೈಯಿಂದ ಒತ್ತಿ
"ಬಿಗಿಯಾಗಿದೆ" ಎಂದಳು. "ಅವನು ಭಾರದ ಮನುಷ್ಯ.
ಅವನದು ಜಗ್ಗಿತ್ತು."
ಜಗ್ಗಿಸಿ ಕೊಡಲೇ, ಅಂದೆ.
ಬೇಡ, ಅಂದಳು. ದುಡ್ಡೆಣಿಸಿದಳು.

ಟೆಂಪೋ ಕಾಳಿ ಸೇತುವೆಯ ಕಡೆ ಹೊರಳಿತು.
ಗೋಣಿ ಐದೇ ಇದ್ದದ್ದರಿಂದ
ಹೊಸದು ಬರಿಮೈಯಲ್ಲಿ.