ಊಟದ ಕೋಣೆಯ ನಕ್ಷೆ

ಮೊದಲು ಬಂದವನು ಕಾರ್ಡಿಫಿನ ಆರ್ಕಿಟೆಕ್ಟು,
ಹಣೆಗೊಂದು ಕನ್ನಡಕ, ಮೂಗಿಗೊಂದು.
ಹಿತ್ತಲಲ್ಲಿ ನಿಂತು ಆಕಾಶಕ್ಕೆ ಕೈಬೀಸಿ
'ಇಲ್ಲಿ ಬೆಳಕನ್ನು ಆಹ್ವಾನಿಸೋಣ' ಅಂದ.
ಕರೆದರೆ ಬರುವ ಬೆಳಕಲ್ಲ ಈ ಕಣಿವೆಯದು;
ಆಹ್ವಾನ ಪತ್ರಿಕೆಗೇ ಖರ್ಚಿನ ನೂರಕ್ಕೆ ಹನ್ನೆರಡು.
ಎರಡನೆಯವನು ಬರಲೇ ಇಲ್ಲ,
ಫೋಟೋ ಕಳಿಸಿ, ಮೂರು ದಿನಕ್ಕೆ ನಕ್ಷೆ, ಅಂದ.
ನೆರಿಸ್ ನಕ್ಕಳು: 'ನಮ್ಮ ಗೋಡೆ
ಫೋಟೋದಲ್ಲಿ ಮಾತ್ರ ನೆಟ್ಟಗಿರುವುದು.'

ಅಳೆದೂ ಸುರಿದೂ ಒಂದು ಚಳಿಗಾಲ ಕಳೆದ ಮೇಲೆ
ಮಿಸ್ ಗ್ವೆನ್‌ಲಿಯನ್ ಪ್ಯೂ ಬಂದರು,
ಇಪ್ಪತ್ತಾರು ವರ್ಷ ನಗರಸಭೆಯಲ್ಲಿ ಕೂತು
ಶಾಲೆಗಳ ಶೌಚಾಲಯ, ಬಸ್ಸಿನ ತಂಗುದಾಣ ಬರೆದವರು.
(ಮೂವತ್ತೊಂದು ವರ್ಷ ನಾನು ಬಸ್ಸು ನಿಲ್ಲಿಸಿದ
ಆ ಹಸಿರು ತಂಗುದಾಣ, ಗಾಳಿ ಸದಾ
ತಪ್ಪು ಬದಿಯಿಂದಲೇ ನುಗ್ಗುವುದು, ಅವರದೇ.
ಹೇಳಿದೆ. 'ಗೊತ್ತು' ಅಂದರು.)
ಏಳುನೂರು ಪೌಂಡು, ಅರ್ಧ ಈಗ, ಅರ್ಧ ಆಮೇಲೆ.
ಒಂದು ತಿದ್ದುಪಡಿ ಬಿಟ್ಟಿ,
ಎರಡನೆಯದರಿಂದ ತಲಾ ನಲವತ್ತು.

ಬೂಟು ಕಳಚಿ ಕಾಲುಚೀಲದಲ್ಲೇ ಮನೆಯೆಲ್ಲ ಸುತ್ತಿದರು.
ಲೇಸರಿನ ಕೆಂಪು ಚುಕ್ಕಿ
ಒಲೆಯ ಮೇಲೆ, ಕೋಟು ನೇತುಹಾಕುವ ಮೊಳೆಯ ಮೇಲೆ,
ಒಂದು ಗಳಿಗೆ ನೆರಿಸಳ ಉಣ್ಣೆ ಅಂಗಿಯ ಗುಂಡಿಯ ಮೇಲೆ.
'ಕ್ಷಮಿಸಿ' ಅಂದು ಸರಿಸಿದರು.
ಮುಂದಿಗಿಂತ ಹಿಂದೆ ನಾಲ್ಕು ಬೆರಳು ಕಿರಿದಂತೆ ನಮ್ಮ ಮನೆ;
ಗಣಿಯವರ ಸಾಲುಮನೆ, ಗುಡ್ಡಕ್ಕೆ ಒರಗಿ ಒರಗಿ
ನೂರು ವರ್ಷದಲ್ಲಿ ಸೊಂಟ ಬಾಗಿದೆ.
'ಬೀಳುತ್ತದೆಯೆ?'
'ಇಲ್ಲ. ಅಕ್ಕಪಕ್ಕದವು ಹಿಡಿದುಕೊಂಡಿವೆ.'

ಚಹಾ ಕೊಟ್ಟೆವು. ಆಗ ಕೇಳಿದರು:
'ಕಟ್ಟುವುದು ಯಾತಕ್ಕೆ?'
'ಊಟದ ಕೋಣೆ' ಅಂದೆವು ಇಬ್ಬರೂ ಒಂದೇ ಉಸಿರಿಗೆ,
ಟಿಕೆಟ್ಟಿಲ್ಲದ ಹುಡುಗರ ಹಾಗೆ.
ಮದುವೆಯಾದಂದಿನಿಂದ ನಾವು ಉಂಡದ್ದು
ಸೋಫಾದಲ್ಲಿ, ತಟ್ಟೆ ತೊಡೆಯ ಮೇಲಿಟ್ಟು.
ಬರೆದುಕೊಂಡರು: ಊಟದ ಕೋಣೆ.
ಪೆನ್ಸಿಲು ನಿಂತಿತು. ನೋಡುತ್ತಿದ್ದರು,
ನೆರಿಸ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು
ಬಾಯಿಯನ್ನೇ ಅದರ ಬಳಿಗೆ ಒಯ್ಯುವುದನ್ನು.
ಆಸ್ಪತ್ರೆಯ ಕಾಗದ ಬಂದು ಐದು ವಾರ.
ಗಡಿಯಾರದ ಹಿಂದೆ ಇಟ್ಟಿದ್ದೆವು ಅದನ್ನು,
ಅದರ ಬಗ್ಗೆ ಆಡಬೇಕಾದ ಮಾತನ್ನೂ.

ಹದಿನೇಳನೆಯ ದಿನ ನಕ್ಷೆ ಬಂತು, ಸುರುಳಿಯಾಗಿ.
ಮೇಜಿಲ್ಲದ ಮನೆ; ನೆಲಕ್ಕೆ ಹಾಸಿ
ಮೂಲೆಗೊಂದು ಡಬ್ಬಿ ಹೇರಿದೆ:
ಬೀನ್ಸು, ಬೀನ್ಸು, ಟೊಮೆಟೊ, ಬೂಟುಪಾಲಿಶು.
ಚುಕ್ಕಿಗೆರೆ ಅಂದರೆ ಕೆಡವುವುದು:
ಕಲ್ಲಿದ್ದಲ ಗೂಡು, ಹಿತ್ತಲ ಮೆಟ್ಟಿಲು ಮೂರೂ.
ಮೆಟ್ಟಿಲಿದ್ದಲ್ಲಿ ಇಳಿಜಾರು, ಬಾಣದ ಗುರುತು.
ಬಾಗಿಲು ನಾವು ಹೇಳಿದ್ದಕ್ಕಿಂತ ಅರ್ಧ ಗೇಣು ಅಗಲ.
ಊಟದ ಕೋಣೆಯ ಮೂಲೆಗೆ ಬಚ್ಚಲ ಮೋರಿ.
ನಟ್ಟನಡುವೆ, ತೆಳುಗೆರೆಯಲ್ಲಿ, ಒಂದು ವೃತ್ತ,
ಅಡ್ಡಳತೆ ಒಂದೂವರೆ ಮೀಟರು.

ಫೋನಿನಲ್ಲಿ ಕೇಳಿದೆ.
'ಅದು ದುಂಡು ಮೇಜು' ಅಂದರು ಮಿಸ್ ಪ್ಯೂ, ತುಸು ತಡೆದು.
ಗುಡ್ಡದ ತುದಿಯ ಕೊನೆಯ ನಿಲ್ದಾಣದಲ್ಲಿ
ಮಂಜಿಗೂ ಮಳೆಗೂ ಬಸ್ಸು ತಿರುಗಿಸಿದವನು ನಾನು.
ಗಾಲಿ ತಿರುಗುವ ವೃತ್ತ
ಎಷ್ಟು ಚಿಕ್ಕದಿದ್ದರೂ ಗೊತ್ತಾಗುತ್ತದೆ.
'ಮೇಜು. ಸರಿ' ಅಂದೆ. ಇಟ್ಟೆ.

ನೆರಿಸ್ ಗೋಡೆ ಹಿಡಿದು ಬಂದಳು, ನೆಲಕ್ಕೆ ಕೂತಳು
(ಏಳಿಸುವುದು ಹೇಗೆಂದು ಆಮೇಲೆ ನೋಡಿಕೊಂಡೆವು).
ಬೆರಳಿನಿಂದ ಇಳಿಜಾರು ಹತ್ತಿದಳು, ಬಾಗಿಲು ದಾಟಿದಳು,
ವೃತ್ತವನ್ನು ಒಂದು ಸುತ್ತು ಬಂದಳು.
'ಮೇಜಂತೆ' ಅಂದೆ.
'ಮೇಜೇ ಇರಲಿ' ಅಂದಳು. 'ಕುರ್ಚಿ ಒಂದು ಸಾಕು.'

ಟೊಮೆಟೊ ಡಬ್ಬಿ ಉರುಳಿ ಕಾಗದ ಅರ್ಧ ಸುತ್ತಿಕೊಂಡಿತು.
ಬಿಡಿಸಿ, ಅಂಗೈಯಿಂದ ಒತ್ತಿ ಹಿಡಿದೆ.
'ಈ ಕಿಟಕಿ ಎತ್ತರವಾಯಿತು. ಕೂತಲ್ಲಿಂದ
ಎಮ್ಲಿನ್‌ನ ಪಾರಿವಾಳದ ಗೂಡು ಕಾಣಬೇಕು ನನಗೆ.
ಒಂದಡಿ ಇಳಿಸಲಿಕ್ಕೆ ಹೇಳು.
ಒಂದು ತಿದ್ದುಪಡಿ ಬಿಟ್ಟಿ ಅಂದಿದ್ದಾರಲ್ಲ.'