ಉಗುರಿನ ಗುರುತು

ಔಲು ಪಟ್ಟಣದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ರಾತ್ರಿಯಿಡೀ ರೋಗಿಗಳ ಹೊದಿಕೆ ಒಗೆಯುವ ಔನೆ
ತಿಂಗಳಿಗೆ ಇಪ್ಪತ್ತು ಯೂರೊ ಕಳಿಸುತ್ತಾಳೆ
ತಾನು ಕಾಲಿಡದ ನಮೀಬಿಯಾಕ್ಕೆ,
ತಾನು ಕಾಣದ ಚೀತಾಕ್ಕೆ.

ಸಿವಂಗಿ ಅನ್ನುವ ಹೆಸರು ನನ್ನ ನುಡಿಯಲ್ಲಿ ಉಳಿದಿದೆ,
ಹೆಸರು ಹೊತ್ತು ಓಡುವ ಕಾಲು ಉಳಿದಿಲ್ಲ.
ಹಾಗಾಗಿ ಈ ಕತೆಯಲ್ಲಿ
ನನಗೂ ಒಂದು ಚೂರು ಸಾಲವಿದೆ.

ಚೀತಾ ಆ ದುಡ್ಡು ಮೂಸುವುದೂ ಇಲ್ಲ.
ಅದು ಸೇರುವುದು ಒಂದು ನಾಯಿಯ ಹೊಟ್ಟೆಗೆ.
ಔನೆಗೆ ಇದು ತಿಳಿದದ್ದು ಎರಡನೇ ವರ್ಷ.
ಮೊದಲು ಕೊಂಚ ಮೋಸ ಹೋದಂತೆನಿಸಿತು:
ಓಡುವುದಕ್ಕೆ ಕಾಸು ಕೊಟ್ಟು
ಬೊಗಳುವುದನ್ನು ಕೊಂಡಂತೆ.

ಒಕಕರಾರಾದ ಆಚೆ, ಮುಳ್ಳುಬೇಲಿಯೊಳಗೆ
ಆಡಿನ ಮರಿಗಳ ನಡುವೆ ಮಲಗಿ ಬೆಳೆದ ನಾಯಿ.
ತಾನೂ ಆಡೇ ಅಂದುಕೊಂಡಿದೆ,
ದನಿ ಸ್ವಲ್ಪ ದೊಡ್ಡದು, ಅಷ್ಟೆ.
ವಿಜಾಂಡಾ ಅದಕ್ಕೆ ಹೆಸರಿಟ್ಟಿಲ್ಲ.
ಓಂಬ್ವಾ ಅನ್ನುತ್ತಾನೆ; ಹೆರೆರೊ ಮಾತಲ್ಲಿ ಅದು ಬರೀ ನಾಯಿ.
ಹೆಸರಿಟ್ಟರೆ ಸತ್ತಮೇಲೂ ಬಾಯಿಗೆ ಬರುತ್ತದೆ, ಅನ್ನುತ್ತಾನೆ.

ಅವನ ಅಪ್ಪನ ಹತ್ತಿರ ನಾಯಿ ಇರಲಿಲ್ಲ, ಬೋನಿತ್ತು.
ಚೀತಾಗಳು ಬಂದು ಮೈಯುಜ್ಜಿ
ವಾಸನೆ ಬಿಟ್ಟು ಹೋಗುವ ಮರವೊಂದಿತ್ತು.
ಸುತ್ತ ಮುಳ್ಳು ಒಟ್ಟಿ, ಒಂದೇ ಸಂದು ಬಿಟ್ಟು,
ಆ ಸಂದಿಗೆ ಬೋನು.
ಮಾಂಸ ಬೇಡ, ಮರಿ ಕಟ್ಟುವುದು ಬೇಡ.
ಮರವೇ ಕರೆಯುತ್ತಿತ್ತು.
ಒಂದೇ ಚಳಿಗಾಲ ಆರು.
ಆರನೆಯದು ಗುರುಗುಟ್ಟಲಿಲ್ಲ,
ಗುಬ್ಬಚ್ಚಿಯ ಹಾಗೆ ಚೀಂವ್ ಅಂದಿತು.
ಬಂದೂಕು ಹಿಡಿದು ಬಂದ ಅಪ್ಪ
ತಲೆಯೆತ್ತಿ ಕೊಂಬೆಯಲ್ಲಿ ಹಕ್ಕಿ ಹುಡುಕಿದ.
ಆಮೇಲೆ ಹೊಡೆದ.

ಬೋನು ಈಗ ಕೋಳಿಗೂಡು.

ವರ್ಷಕ್ಕೊಮ್ಮೆ ಔನೆ ಬರೆಯುತ್ತಾಳೆ:
ಸಾಧ್ಯವಾದರೆ ಚೀತಾದ ಒಂದು ಚಿತ್ರ.
ವರ್ಷಕ್ಕೊಮ್ಮೆ ಬರುತ್ತದೆ
ನಾಲಗೆ ಚಾಚಿದ ನಾಯಿ.
ಈ ಸಲ ವಿಜಾಂಡಾನ ಮಗಳು
ಮೊಬೈಲಿನಲ್ಲಿ ಹಿಡಿದದ್ದು ಬರೀ ಮರಳು.
ಮರಳ ಮೇಲೆ ಎರಡು ಸಾಲು ಹೆಜ್ಜೆ.

*ಒಂದು ನಮ್ಮದು, ಒಂದು ನಿಮ್ಮದು.
ಎರಡಕ್ಕೂ ಉಗುರು ಮೂಡಿದೆ ನೋಡಿ,
ಇದು ಉಗುರು ಪೂರ್ತಿ ಒಳಗೆಳೆಯಲು ಬಾರದ ಬೆಕ್ಕು.
ರಾತ್ರಿ ಬಂತು. ನಾಯಿ ಬೊಗಳಿತು. ಹೋಯಿತು.
ಯಾರೂ ನೋಡಲಿಲ್ಲ.
ಬೆಳಿಗ್ಗೆ ಎಣಿಸಿದೆವು, ನಲವತ್ತೊಂದು.
ನಿನ್ನೆಯೂ ನಲವತ್ತೊಂದೇ.*

ಬಟ್ಟೆ ಒಣಗಿಸುವ ಯಂತ್ರಕ್ಕೆ ಅಂಟಿಸಿದ ಚಿತ್ರ ನೋಡಿ
ಜೊತೆಯ ಹುಡುಗ ಕೇಳಿದ, ಏನಿದೆ ಇದರಲ್ಲಿ?
ಬಂದು ಹೋಗಿದೆ, ಅಂದಳು.
ಯಾರು?
ಔನೆ ಮತ್ತೊಂದು ಮೂಟೆ ಬಿಚ್ಚಿದಳು.

ಕಾಗದದ ಕೊನೆಗೆ, ಬೇರೆ ಕೈಬರಹದಲ್ಲಿ,
ವಿಜಾಂಡಾನ ಎರಡು ಪ್ರಶ್ನೆ ಇದ್ದವು:
*ನಿಮ್ಮ ಕಡೆ ಮಂದೆಗೆ ಬೀಳುವುದು ಯಾವುದು?
ಅದು ಬದುಕಲೆಂದು
ನಾಯಿ ಸಾಕಿಸುವವರು ಯಾವ ದೇಶದವರು?*

ಕೂಹ್ಮೊದಲ್ಲಿ ತಮ್ಮ ಊರ್ಪೊನ ಹಿಮಸಾರಂಗಗಳಿವೆ.
ಹೋದ ಮಾರ್ಚಿನಲ್ಲಿ ಹನ್ನೊಂದು ಸತ್ತವು,
ಹಿಮ ಕೆಂಪಗೆ ಹೆಪ್ಪುಗಟ್ಟಿತ್ತು, ಅವಳೇ ನೋಡಿದ್ದಾಳೆ.
ತೋಳ ಹೊಡೆಯಲು ಅಪ್ಪಣೆ ಕೇಳಿದ ಅರ್ಜಿಯಲ್ಲಿ
ಏಳನೇ ರುಜು ಅವಳದು.
ಪೆನ್ನು ಊರ್ಪೊ ಕೊಟ್ಟಿದ್ದ. ಕಾಫಿಯೂ.

ಬೆಳಗಿನ ಆರಕ್ಕೆ ಪಾಳಿ ಮುಗಿಸಿ ಹೊರಬಂದರೆ
ಹೊಸ ಹಿಮ, ಅದರ ಮೇಲೆ ಯಾರದೋ ಹೆಜ್ಜೆಸಾಲು
ಸೈಕಲ್ ನಿಲ್ದಾಣ ದಾಟಿ ಹೊಳೆಯ ಕಡೆ ಹೋಗಿದೆ.
ಉಗುರಿದೆ.
ನಾಯಿಯೇ ಇರಬೇಕು, ಪಟ್ಟಣವಲ್ಲವೆ.
ಕೈಗವಸು ತೆಗೆದು, ಕುಕ್ಕರಗಾಲಲ್ಲಿ ಕೂತು,
ಬೆರಳಿಟ್ಟು ಅಳೆದಳು.
ಬೆರಳು ಮರಗಟ್ಟುವವರೆಗೆ ಅಳೆದಳು.

ಮನೆಗೆ ಬಂದು ಉತ್ತರ ಬರೆಯಲು ಕೂತಳು.
ಮೊದಲನೆಯದಕ್ಕೆ: ತೋಳ.
ಎರಡನೆಯದಕ್ಕೆ ಜಾಗ ಬಿಟ್ಟಳು,
ನಾಲ್ಕು ಬೆರಳಷ್ಟು ಬಿಳಿ.
ಅದರ ಕೆಳಗೆ ಬರೆದಳು,
ಓಂಬ್ವಾಗೆ ಈ ತಿಂಗಳದ್ದು ಕಳಿಸಿದ್ದೇನೆ.